ಸೊಸೆಯ ಇನ್ನೊಂದು ಮನೆ

ಸೊಸೆ ಬೇರೆ ಮನೆ ಮಾಡಿದ್ದಾಳೆ ಎಂಬ ಸುದ್ದಿಯನ್ನು ಅತ್ತೆಗೆ ಮುಟ್ಟಿಸಿದವರು ಮಾವ. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಆಯುಷ್ಯವೆಲ್ಲ ಎಂಜಿನ್ನಿನ ಗದ್ದಲದಲ್ಲಿ ಕಳೆದದ್ದರಿಂದ ಎಡಗಿವಿ ಮಂದವಾಗಿತ್ತು, ಬಲಗಿವಿ ಮಾತ್ರ ಇನ್ನೂ ಚುರುಕು. ಆ ಸಂಜೆ ಅವರು ಮಗ ಸೊಸೆಯ ಕೋಣೆಯ ಮುಂದೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾಗ ಆ ಬಲಗಿವಿಯೇ ಬಾಗಿಲ ಕಡೆಗಿತ್ತು. ಒಳಗೆ ಸೊಸೆ ಯಾರೊಂದಿಗೋ ಮಾತಾಡುತ್ತಿದ್ದಳು.

“ಅಂತೂ ಮನೆ ನನ್ನ ಹೆಸರಿಗೆ ಆಯ್ತು. ಎರಡು ಅಂತಸ್ತು. ಕೆಳಗೆ ಅಡುಗೆಮನೆ, ಮೇಲೆ ಮಲಗೋ ಕೋಣೆ. ಒಲೆ ನಾನು ಎಲ್ಲಿ ಇಡ್ತೀನೋ ಅಲ್ಲೇ ಇರುತ್ತೆ, ಯಾರೂ ಮುಟ್ಟೋ ಹಾಗಿಲ್ಲ. ಈ ವಾರದಲ್ಲೇ ಒಳಗೆ ಹೋಗಿಬಿಡ್ತೀನಿ.”

ಮಾವ ಚಪ್ಪಲಿಯ ಆಸೆ ಬಿಟ್ಟು ಬರಿಗಾಲಲ್ಲೇ ಅಡುಗೆಮನೆಗೆ ಬಂದರು. ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಕೇಳಿದ್ದನ್ನೆಲ್ಲ ಮಾವ ಒಂದಕ್ಷರ ಬಿಡದೆ ಒಪ್ಪಿಸಿದರು. ಅತ್ತೆಯ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮತ್ತೆ ಓಡಿತು. ಸಿಪ್ಪೆ ಮಾತ್ರ ಎಂದಿಗಿಂತ ದಪ್ಪಗೆ ಬೀಳತೊಡಗಿತು.

“ಮಗನಿಗೆ ಗೊತ್ತಾ ಇದು?” ಎಂದು ಕೇಳಿದರು.

“ಗೊತ್ತಿಲ್ಲದೆ ಇರುತ್ತಾ? ಅವನ ಹೆಂಡತಿ ತಾನೆ.”

“ಸರಿ. ನೀವು ಬಾಯಿ ಬಿಡಬೇಡಿ. ಅವರೇ ಹೇಳಲಿ.”

ಅವರ ಮನೆ ಇದ್ದದ್ದು ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಎರಡು ಮಲಗುವ ಕೋಣೆ, ನಡುವೆ ಊಟದ ಮೇಜು ಹಾಕಿದ ಹಜಾರ, ಕೊನೆಯಲ್ಲಿ ಒಂದು ಉದ್ದನೆಯ ಇಕ್ಕಟ್ಟಾದ ಅಡುಗೆಮನೆ. ಅಲ್ಲಿ ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತಿತ್ತು. ಆದ್ದರಿಂದ ಅಲ್ಲಿ ಒಬ್ಬರೇ ನಿಲ್ಲುತ್ತಿದ್ದರು, ಆ ಒಬ್ಬರು ಅತ್ತೆ. ಮಗ ಲಿಫ್ಟ್ ರಿಪೇರಿ ಕೆಲಸದವನು, ಊರಿನ ದೊಡ್ಡ ಕಟ್ಟಡಗಳಲ್ಲಿ ಯಾವುದರ ಲಿಫ್ಟ್ ಯಾವಾಗ ಕೆಡುತ್ತದೋ ಹೇಳುವಂತಿರಲಿಲ್ಲ. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಫ್ರೇಮ್ ಕೂರಿಸಿ ಕನ್ನಡಿ ಹಿಡಿಯುವುದು ಅವಳ ಕೆಲಸ.

ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅವಳು ಮೊಟ್ಟೆಯ ಗೊಜ್ಜು ಮಾಡಿದ್ದಳು. ಅತ್ತೆ ಒಂದು ಚಮಚ ರುಚಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಉಪ್ಪು ಸ್ವಲ್ಪ ಹಾಕಿ, ನೀರು ಸ್ವಲ್ಪ ಹಾಕಿ, ಪಾತ್ರೆ ದೊಡ್ಡದಾಯಿತೆಂದು ಸಣ್ಣದಕ್ಕೆ ಬಗ್ಗಿಸಿ, ಎರಡು ಕುದಿ ಕುದಿಸಿದರು. ಮೇಜಿಗೆ ಬರುವ ಹೊತ್ತಿಗೆ ಅದು ಅತ್ತೆಯ ಅಡುಗೆಯೇ ಆಗಿತ್ತು. ಮಾವ ಬೆರಳು ಚೀಪುತ್ತ ಹೆಂಡತಿಯನ್ನು ಹೊಗಳಿದರು. ಸೊಸೆ “ಇರಲಿ ಬಿಡಿ” ಎಂದು ನಕ್ಕಳು. ಅಂದಿನಿಂದ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಅವಳ ಪಾಲಿಗೆ ಬಂತು. ಒಲೆ ಅತ್ತೆಯ ಪಾಲಿಗೆ ಉಳಿಯಿತು.

ಸುದ್ದಿ ಕೇಳಿದ ಮೇಲಿನ ದಿನಗಳಲ್ಲಿ ಅತ್ತೆ ಜಗಳವಾಡಲಿಲ್ಲ. ಟೈರ್ ಅಂಗಡಿಯವನಿಂದ ಒಂದು ರಟ್ಟಿನ ಪೆಟ್ಟಿಗೆ ಇಸಿದುಕೊಂಡು ಬಂದು ಅದರಲ್ಲಿ ಪಾತ್ರೆ ತುಂಬತೊಡಗಿದರು. ಮೊದಲು ಎರಡು ಬಾಣಲೆ ಹೋದವು, ಮಾರನೆಯ ದಿನ ಒಂದು ಕುಕ್ಕರ್, ಅದರ ಮಾರನೆಯ ದಿನ ತಟ್ಟೆ ಲೋಟಗಳು. ಊಟದ ಹೊತ್ತಿಗೆ ಮಗನಿಗೆ ಕುಡಿಯಲು ನೀರು ಅಳತೆಯ ಪಾತ್ರೆಯಲ್ಲಿ ಬಂದಾಗ ಅವನು ತಾಯಿಯ ಮುಖ ನೋಡಿದ.

“ಅಮ್ಮ, ಲೋಟ ಎಲ್ಲಿ?”

“ಕಟ್ಟಿಟ್ಟಿದ್ದೀನಿ. ನಿಮ್ಮ ಹೊಸ ಮನೆಗೆ ಬೇಕಾಗುತ್ತಲ್ಲ.”

“ಯಾವ ಹೊಸ ಮನೆ?”

“ಎರಡು ಅಂತಸ್ತಿಂದು,” ಎಂದರು ಮಾವ. ಇಷ್ಟು ದಿನ ಹಲ್ಲು ಕಚ್ಚಿ ಕೂತಿದ್ದ ಅವರಿಗೆ ಇನ್ನು ತಡೆಯಲಾಗಲಿಲ್ಲ. “ಯಾರೂ ಮುಟ್ಟದ ಒಲೆ ಇರೋದು.”

ಸೊಸೆ ತುತ್ತು ಕೈಯಲ್ಲಿ ಹಿಡಿದವಳು ಹಾಗೇ ಉಳಿದಳು. ಮಗ ಒಮ್ಮೆ ಅವಳನ್ನೂ ಒಮ್ಮೆ ಅಪ್ಪನನ್ನೂ ನೋಡಿ, ಆಮೇಲೆ ಮೇಜಿಗೆ ತಲೆಯಿಟ್ಟು ನಗತೊಡಗಿದ. ನಗು ನಿಂತ ಮೇಲೆ ವಿಷಯ ಬಿಡಿಸಿ ಹೇಳಿದ. ಅದು ಕಂಪ್ಯೂಟರಿನ ಆಟ. ದೇಶದೇಶದ ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೇ ಊರಿನಲ್ಲಿ ಓಡಾಡುವ ಆಟ. ಕಾಡಿನಲ್ಲಿ ರಾಕ್ಷಸರಿದ್ದಾರೆ, ಹೊಡೆದಾಡುವವರು ಹೊಡೆದಾಡುತ್ತಾರೆ. ಅದು ಬೇಡವಾದವರು ಒಂದು ಕಸುಬು ಕಲಿತು ಊರಲ್ಲಿ ನೆಲೆಸುತ್ತಾರೆ, ಕಮ್ಮಾರನಾಗಿ, ಬಡಗಿಯಾಗಿ, ದರ್ಜಿಯಾಗಿ. ಇವಳು ಅಲ್ಲಿ ರೊಟ್ಟಿ ಸುಡುವವಳು. ಕಾಡಿಗೆ ಹೋಗುವ ವೀರರೆಲ್ಲ ಇವಳ ರೊಟ್ಟಿ ತಿಂದೇ ಹೋಗುವುದು. ಕಸುಬಿನಲ್ಲಿ ಕೈ ಪಳಗಿದವರಿಗೆ ಊರಿನವರು ನಿವೇಶನ ಕೊಡುತ್ತಾರೆ. ಇವಳಿಗೆ ತಾನು ಗುಡಿಸಲು ಹಾಕಿಕೊಂಡಿದ್ದ ಜಾಗವೇ ಸಿಕ್ಕಿತು, ಇವಳು ಮನೆ ಕಟ್ಟಿದಳು. ಅಷ್ಟೇ.

ಮಾವ ತೊಡೆ ತಟ್ಟಿಕೊಂಡು ನಕ್ಕರು. ಅತ್ತೆ ನಗಲಿಲ್ಲ.

“ಅಲ್ಲಿ ನೀನು ಅಡುಗೆ ಮಾಡ್ತೀಯಾ?” ಎಂದು ಸೊಸೆಯನ್ನು ಕೇಳಿದರು.

“ಮಾಡ್ತೀನಿ ಅತ್ತೆ.”

“ದಿನಾ?”

“ದಿನಾ.”

“ನಿನಗೆ ಅಡುಗೆ ಅಂದ್ರೆ ಆಗಲ್ಲ ಅಂತ ನಾನು ಅಂದ್ಕೊಂಡಿದ್ದೆ.”

ಸೊಸೆ ತಟ್ಟೆ ನೋಡುತ್ತಲೇ ಹೇಳಿದಳು. “ಆಗಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಜಾಗ ಇರಲಿಲ್ಲ.”

ಅತ್ತೆ ಎದ್ದು ಪೆಟ್ಟಿಗೆಯಿಂದ ಲೋಟಗಳನ್ನು ತೆಗೆದು ಒಂದೊಂದಾಗಿ ಮೇಜಿಗೆ ಕುಟ್ಟಿ ಇಟ್ಟರು. ಇರುವ ಅಡುಗೆಮನೆಯಲ್ಲಿ ಜಾಗ ಇಲ್ಲವೆಂದು ಗಾಳಿಯಲ್ಲಿ ಅಡುಗೆಮನೆ ಕಟ್ಟಿದವಳನ್ನು ತಾನು ಇದೇ ಮೊದಲು ನೋಡಿದ್ದು ಎಂದರು. ಬಾಯಿ ಬಿಟ್ಟು ಕೇಳಿದ್ದರೆ ತಾನೇನು ಸೌಟಿನಿಂದ ಹೊಡೆಯುತ್ತಿದ್ದೆನೇ ಎಂದೂ ಕೇಳಿದರು. ಕೇಳಿಯೇ ಮಾಡಬೇಕಾದ ಅಡುಗೆ ತನಗೆ ಬೇಡ ಎಂದು ಸೊಸೆಯೂ ಅಂದಳು. ಅವಳ ಬಾಯಿಂದ ಅಷ್ಟು ಖಾರದ ಮಾತು ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಮಗ ಬೇಳೆ ಚೆನ್ನಾಗಿದೆ ಎಂದು ಹೇಳಿನೋಡಿದ. ಇಬ್ಬರೂ ಅವನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡ.

ಆಮೇಲಿನ ವಾರ ಮನೆ ಎಣ್ಣೆ ಹಾಕದ ಬಾಗಿಲಿನ ಹಾಗಿತ್ತು, ಎಲ್ಲಿ ಮುಟ್ಟಿದರೂ ಕಿರ್ ಎನ್ನುತ್ತಿತ್ತು. ಅತ್ತೆ ಸೊಸೆ ಮಾತು ಬಿಟ್ಟಿರಲಿಲ್ಲ, ಆದರೆ ಬೇಕಾದಷ್ಟೇ ಆಡುತ್ತಿದ್ದರು. ಅಷ್ಟರಲ್ಲಿ ಸೊಸೆಯ ತಂಗಿಗೆ ಹೆರಿಗೆಯಾಯಿತು, ಒಂದಲ್ಲ ಎರಡು ಮಕ್ಕಳು. ಅವರ ತಾಯಿ ಒಬ್ಬರಿಂದ ನಿಭಾಯಿಸಲಾಗದು, ಒಂದಷ್ಟು ದಿನ ಬಂದು ಹೋಗು ಎಂದು ಫೋನು ಬಂತು. ಸೊಸೆ ಅಂಗಡಿಯಲ್ಲಿ ರಜೆ ಹಾಕಿ ಬಟ್ಟೆ ತುಂಬಿಕೊಂಡಳು.

ಹೊರಡುವ ಬೆಳಿಗ್ಗೆ ಅವಳ ಮುಖದಲ್ಲಿ ಸಂತೋಷದ ಜೊತೆಗೆ ಇನ್ನೇನೋ ಇತ್ತು. ಅತ್ತೆ ಮಗನನ್ನು ಕೇಳಿ ತಿಳಿದುಕೊಂಡರು. ಆಟದಲ್ಲಿ ಮನೆ ಕಟ್ಟಿದರೆ ಸಾಲದು, ನೋಡಿಕೊಳ್ಳಲೂ ಬೇಕು. ಅಲ್ಲಿಯೂ ಗಾಳಿ ಮಳೆ ಇದೆ. ಹಲಗೆ ಬಡಿಯದಿದ್ದರೆ ಸೂರು ಹಾರುತ್ತದೆ, ಮಣ್ಣು ಮೆತ್ತದಿದ್ದರೆ ಗೋಡೆ ಉದುರುತ್ತದೆ. ಕೆಲವು ದಿನ ಯಾರೂ ಕಾಲಿಡದಿದ್ದರೆ ಊರಿನವರು ಬಾಗಿಲಿಗೆ ಅಡ್ಡಪಟ್ಟಿ ಹೊಡೆದು ಜಾಗವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ತಂಗಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇದ್ದರೂ ಎರಡು ಹಸುಗೂಸುಗಳ ನಡುವೆ ಕೂರಲು ಪುರುಸೊತ್ತಿಲ್ಲ. ಗಂಡನಿಗೆ ಒಂದು ಕೀಲಿ ಕೊಟ್ಟಿದ್ದಾಳೆ, ಆದರೆ ಅವನ ಲಿಫ್ಟುಗಳಿಗೆ ಹೊತ್ತು ಗೊತ್ತಿಲ್ಲ. ಹೋದರೆ ಹೋಗಲಿ ಅಂತ ಬಿಟ್ಟಿದ್ದಾಳೆ.

“ಅದು ಹೇಗೆ ಹೋಗಲಿ ಅಂತ ಬಿಡೋದು?” ಎಂದರು ಅತ್ತೆ. “ಕಟ್ಟಿದ ಮನೆ ಪಾಳು ಬೀಳಿಸ್ತಾರಾ ಯಾರಾದ್ರೂ?”

“ಅಮ್ಮ, ಅದು ಆಟ.”

“ಮನೆ ಅಂದಮೇಲೆ ಮನೆ. ತೋರಿಸು, ಕೀಲಿ ಎಲ್ಲಿ ಹಾಕೋದು.”

ಮಗ ಆಟದಲ್ಲಿ ಅಮ್ಮನಿಗೆಂದು ಒಂದು ಗೊಂಬೆ ಮಾಡಿ, ಅದರ ಕೈಗೆ ಕೀಲಿ ಕೊಟ್ಟು ತೋರಿಸಿದ. ಅತ್ತೆ ಕನ್ನಡಕ ಏರಿಸಿ ಕುರ್ಚಿಯ ತುದಿಯಲ್ಲಿ ಕೂತರು. ಅವರು ಹೊಲಿಗೆ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವರು, ಯಂತ್ರದ ಭಯವಿರಲಿಲ್ಲ. ಆದರೆ ಈ ಯಂತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮೊದಲ ಸಂಜೆ ಅವರ ಗೊಂಬೆ ಗೋಡೆಗೆ ಮುಖ ಮಾಡಿ ನಿಂತೇ ಇತ್ತು. ಎರಡನೆಯ ಸಂಜೆ ನೇರ ಹೋಗಿ ಕೆರೆಗೆ ಬಿತ್ತು. ಹಿಂದೆ ನಿಂತು ನೋಡುತ್ತಿದ್ದ ಮಾವ ಬಲಕ್ಕೆ, ಬಲಕ್ಕೆ, ಇನ್ನೂ ಬರಲಿ, ಹೋಲ್ಡಾನ್ ಎಂದು ಬಸ್ಸು ಹಿಂದಕ್ಕೆ ತೆಗೆಸುವ ಹಾಗೆ ಕೂಗುತ್ತಿದ್ದರು.

ಕೆರೆಯಿಂದ ಮೇಲೆ ಬಂದ ಮೇಲೆ ಪಕ್ಕದ ಮನೆಯ ಕಮ್ಮಾರನ ಪರಿಚಯವಾಯಿತು. ದೊಡ್ಡ ಗಡ್ಡ, ಹೆಗಲ ಮೇಲೆ ಸುತ್ತಿಗೆ. ಆಟದವರ ಜೊತೆ ಮಾತಾಡಲು ಮಗ ಅತ್ತೆಯ ಕಿವಿಗೆ ಹಾಕಿದ್ದ ಯಂತ್ರದಲ್ಲಿ ಅವನ ದನಿ ಮಾತ್ರ ಮೆದುವಾಗಿತ್ತು. ತಾನು ಸೊಸೆಯ ಆಟದ ಗೆಳೆಯನೆಂದೂ ಆಟದ ಹೊರಗೆ ಹಲ್ಲಿನ ಡಾಕ್ಟರೆಂದೂ ಹೇಳಿದ. ಸೊಸೆ ಊರಿಗೆ ಹೋಗಿರುವುದು ಅವನಿಗೆ ಗೊತ್ತಿತ್ತು. ಮರ ಎಲ್ಲಿ ಕಡಿಯಬೇಕು, ಹಲಗೆ ಹೇಗೆ ಬಡಿಯಬೇಕು ಎಂದು ಸಮಾಧಾನವಾಗಿ ತೋರಿಸಿಕೊಟ್ಟ. ಅತ್ತೆ ಅವನನ್ನು ಒಂದೇ ದಿನದಲ್ಲಿ “ಮಗಾ” ಎಂದು ಕರೆಯತೊಡಗಿದರು. ಮಾವ ಕಿವಿಯ ಯಂತ್ರ ಕಸಿದುಕೊಂಡು ತಮ್ಮ ಅಲ್ಲಾಡುವ ದವಡೆ ಹಲ್ಲಿನ ವಿಷಯ ಕೇಳಿದರು. ಕಮ್ಮಾರ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲು ಹೇಳಿ, ಹತ್ತಿರದ ಡಾಕ್ಟರಿಗೆ ತೋರಿಸಿ ಎಂದ.

ಸೂರು ರಿಪೇರಿಯಾಯಿತು. ಗೋಡೆಗೆ ಮಣ್ಣು ಮೆತ್ತಿಯಾಯಿತು. ಆಮೇಲೆ ಅತ್ತೆ ಮನೆಯೊಳಗೆ ಹೋದರು.

ಅಡುಗೆಮನೆ ಅಚ್ಚುಕಟ್ಟಾಗಿತ್ತು. ಹಿಟ್ಟಿನ ಪೀಪಾಯಿಗಳು ಸಾಲಾಗಿ, ಗೋಡೆಗೆ ತೂಗುಹಾಕಿದ ಸೌಟುಗಳು, ನೆಲಕ್ಕೆ ಕೆಂಪು ಚಾಪೆ. ಅತ್ತೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. ಒಂದೇ ಒಂದು ಕೊರತೆ ಅವರ ಕಣ್ಣಿಗೆ ಬಿತ್ತು. ಇಟ್ಟಿಗೆಯ ದೊಡ್ಡ ಒಲೆ ನೇರ ಕಿಟಕಿಯ ಎದುರಿಗಿತ್ತು. ಗಾಳಿ ಬಂದರೆ ಬೆಂಕಿ ನಿಲ್ಲುವುದೇ? ಪಾಪ, ತಿಳಿಯದೆ ಇಟ್ಟಿದ್ದಾಳೆ, ಬರುವಷ್ಟರಲ್ಲಿ ಸರಿಮಾಡಿಟ್ಟರೆ ಅವಳಿಗೂ ಸುಲಭ ಎಂದುಕೊಂಡರು. ಮಂಚ, ಪೀಪಾಯಿಗಳನ್ನು ಸರಿಸುವುದು ಅಷ್ಟರಲ್ಲಿ ಕಲಿತಿದ್ದರು. ಒಲೆಯ ಮೇಲೆ ಒತ್ತಿದರು. ಯಂತ್ರ ಏನೋ ಕೇಳಿತು, ಹೌದು ಎಂದರು. ದಡಾರನೆ ಸದ್ದಾಗಿ ಒಲೆ ಇದ್ದಲ್ಲಿ ಒಂದು ರಾಶಿ ಇಟ್ಟಿಗೆ ಬಿದ್ದಿತ್ತು.

ಕಮ್ಮಾರ ಬಂದು ಸುತ್ತಿಗೆ ಕೆಳಗಿಟ್ಟು ನೋಡಿದ. ಆಮೇಲೆ ನಿಧಾನವಾಗಿ ಹೇಳಿದ. ಒಲೆ ಇಲ್ಲಿ ಬೇರೆ ಸಾಮಾನಿನಂತಲ್ಲ. ರೊಟ್ಟಿ ಸುಟ್ಟಷ್ಟೂ ಅದು ಪಳಗುತ್ತದೆ, ಪಳಗಿದ ಒಲೆಯ ರೊಟ್ಟಿಗೇ ಬಲ ಹೆಚ್ಚು. ಅದನ್ನು ಸರಿಸಲು ಬರುವುದಿಲ್ಲ, ಒಡೆಯಲು ಮಾತ್ರ ಬರುತ್ತದೆ. ಆ ಒಲೆಯನ್ನು ಸೊಸೆ ಗುಡಿಸಲಿನಲ್ಲಿದ್ದ ಕಾಲದಿಂದ ಪಳಗಿಸಿದ್ದಳು, ಮನೆಯನ್ನು ಅದರ ಸುತ್ತಲೇ ಕಟ್ಟಿದ್ದಳು.

ಪಳಗಿದ ಕಾವಲಿಯ ಬೆಲೆ ಅತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಿವಿಯ ಯಂತ್ರ ತೆಗೆದಿಟ್ಟು ಹಜಾರಕ್ಕೆ ಬಂದು ಕೂತರು.

ಮಾವ, ಕಂಪ್ಯೂಟರ್ ಕೆಟ್ಟುಹೋಯಿತು ಅಂದರಾಯಿತು ಎಂದರು. ಮಗ, ಈಗ ಹೇಳುವುದು ಬೇಡ, ಬಂದ ಮೇಲೆ ಸಮಯ ನೋಡಿ ತಾನೇ ಹೇಳುತ್ತೇನೆ ಎಂದ. ಅತ್ತೆ ಇಬ್ಬರ ಮಾತನ್ನೂ ಕೇಳಿಸಿಕೊಂಡು ಫೋನು ತೆಗೆದುಕೊಂಡರು. ಆ ಕಡೆಯಿಂದ ಸೊಸೆಯ ದನಿಗಿಂತ ಮೊದಲು ಎರಡು ಕೂಸುಗಳ ಅಳು ಕೇಳಿಸಿತು.

“ನಿನ್ನ ಒಲೆ ಒಡೆದುಬಿಟ್ಟೆ,” ಎಂದರು ಅತ್ತೆ.

“ಯಾವ ಒಲೆ?”

“ಆ ಮನೆಯದು. ಸರಿಸೋಕೆ ಹೋದೆ. ಒಡೆದುಹೋಯ್ತು.”

ಆ ಕಡೆ ಒಂದು ಕೂಸು ಸುಮ್ಮನಾಯಿತು, ಇನ್ನೊಂದು ಅಳುತ್ತಲೇ ಇತ್ತು.

“ಯಾಕೆ ಸರಿಸೋಕೆ ಹೋದ್ರಿ ಅತ್ತೆ?”

“ಕಿಟಕಿ ಎದುರಿಗಿತ್ತು. ಗಾಳಿ ಬರುತ್ತಲ್ಲ ಅಂತ.”

“ಅಲ್ಲಿ ಬೆಂಕಿ ಆರಲ್ಲ. ನಾನು ಬೇಕು ಅಂತಲೇ ಒಲೆ ಎದುರಿಗೆ ಕಿಟಕಿ ಇಟ್ಟಿದ್ದೆ. ಕೆಲಸ ಮಾಡ್ತಾ ಬೀದಿ ಕಾಣ್ಲಿ ಅಂತ. ನಮ್ಮನೇಲಿ ಪಾತ್ರೆ ತೊಳೀತಾ ನಿಂತ್ರೆ ಬೀರು ಕಾಣುತ್ತೆ.”

ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ತಪ್ಪಾಯಿತು ಎಂದರು.

“ಇರಲಿ ಬಿಡಿ,” ಎಂದು ಸೊಸೆ ಫೋನು ಇಟ್ಟಳು.

ಬೈದಿದ್ದರೆ ಅತ್ತೆ ನಾಲ್ಕು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದರು. ಇರಲಿ ಬಿಡಿ ಎಂಬ ಮಾತಿಗೆ ತಿರುಗಿ ಹೇಳಲು ಏನೂ ಇರಲಿಲ್ಲ. ಎರಡು ವರ್ಷದಿಂದ ಆ ಮಾತನ್ನು ಅವರು ತಮ್ಮ ಅಡುಗೆಮನೆಯಲ್ಲಿ ಎಷ್ಟು ಸಲ ಕೇಳಿದ್ದರೋ ಏನೋ, ಕಿವಿಗೆ ಬಿದ್ದದ್ದು ಈಗ.

ಮಾರನೆಯ ದಿನ ಅವರು ಕಮ್ಮಾರನನ್ನು ಕೇಳಿದರು. “ಮಗಾ, ಒಲೆ ಕಟ್ಟೋರು ಯಾರು ನಿಮ್ಮೂರಲ್ಲಿ?”

ಅದು ಗಾರೆ ಕೆಲಸದವರ ಕಸುಬು ಎಂದು ಅವನು ಹೇಳಿದ. ದೂರದ ಊರಿನವರಿಗೆ ಹೇಳಿ ಮಾಡಿಸಬಹುದು. ಇಲ್ಲವೇ ಕಲಿಯಬಹುದು, ಆದರೆ ಬೇಸರದ ಕೆಲಸ, ಹೊಳೆದಂಡೆಯಿಂದ ಮಣ್ಣು ಹೊರುವುದರಿಂದ ಶುರುಮಾಡಬೇಕು, ಯಾರೂ ಆ ಕಸುಬಿಗೆ ಹೋಗುವುದಿಲ್ಲ ಎಂದ. ಅತ್ತೆ ಹೊಳೆ ಯಾವ ಕಡೆ ಎಂದು ಕೇಳಿದರು.

ಅಂದಿನಿಂದ ಮನೆಯ ದಿನಚರಿ ತಲೆಕೆಳಗಾಯಿತು. ಬೆಳಿಗ್ಗೆ ಗಂಡ ಮಗನಿಗೆ ಚಹಾ ಬ್ರೆಡ್ಡು ಕೊಟ್ಟವರೇ ಅತ್ತೆ ಮಣ್ಣು ಹೊರಲು ಕೂರುತ್ತಿದ್ದರು. ಬುಟ್ಟಿ ತುಂಬುವುದು, ದಂಡೆ ಹತ್ತುವುದು, ಅಚ್ಚಿಗೆ ಹಾಕುವುದು, ಬಿಸಿಲಿಗಿಡುವುದು, ಗೂಡಿಗೆ ಒಟ್ಟುವುದು. ಮೊದಲ ಗೂಡಿನ ಇಟ್ಟಿಗೆಯೆಲ್ಲ ಬಿರುಕು ಬಿಟ್ಟವು. ಎರಡನೆಯದರಲ್ಲಿ ಅರ್ಧ ಉಳಿದವು. ಆಟದ ಜನ ದಾರಿಯಲ್ಲಿ ನಿಂತು ಈ ಹೊಸ ಕೂಲಿಯಾಳನ್ನು ನೋಡಿ ಹೋಗುತ್ತಿದ್ದರು. ಕತ್ತಿ ಹಿರಿದ ಒಬ್ಬ ವೀರ, ಅಜ್ಜಿ, ಕಾಡಿಗೆ ಬನ್ನಿ, ಅಲ್ಲಿ ಮಜವಿದೆ ಎಂದ. ಅತ್ತೆ ಅವನಿಗೆ ದಾರಿ ಬಿಡು, ಇಟ್ಟಿಗೆ ಒಣಗಬೇಕು ಎಂದರು.

ಮಧ್ಯಾಹ್ನದ ಊಟಕ್ಕೆ ಮಾವ ತಟ್ಟೆಯ ಮುಂದೆ ಕೂತರೆ ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

“ಅನ್ನ?” ಎಂದು ಅವರು ಕೂಗಿದರು.

“ಗೂಡಿಗೆ ಬೆಂಕಿ ಹಾಕಿದ್ದೀನಿ, ಬಿಟ್ಟು ಬರೋ ಹಾಗಿಲ್ಲ. ಒಂದು ಪಾವು ಅಕ್ಕಿ ತೊಳೆದಿಡಿ.”

“ನಾನಾ?”

“ಮತ್ತೆ, ಡ್ರೈವರ್ ಬಂದು ಇಡ್ತಾನಾ?”

ಮಾವ ಅಕ್ಕಿ ತೊಳೆದರು. ನೀರು ಹೆಚ್ಚಾಗಿ ಅನ್ನ ಗಂಜಿಯಾಯಿತು. ಮರುದಿನ ನೀರು ಕಡಿಮೆಯಾಗಿ ತಳ ಹಿಡಿಯಿತು. ಮೂರನೆಯ ಸಲ ಬಿಡಿಬಿಡಿಯಾಗಿ ಬಂದಾಗ ಅವರು ಪಾತ್ರೆಯನ್ನೇ ತಂದು ಕಂಪ್ಯೂಟರಿನ ಮುಂದೆ ಹಿಡಿದು ಹೆಂಡತಿಗೆ ತೋರಿಸಿದರು. ಮಗ ರಾತ್ರಿಯ ಊಟಕ್ಕೆ ಮೊಟ್ಟೆ ಬೇಯಿಸುವುದು, ಆಲೂಗಡ್ಡೆ ಹುರಿಯುವುದು ಕಲಿತ. ಅತ್ತೆಗೆ ಬಾಯಿ ತುದಿಗೆ ಬಂದ ಬುದ್ಧಿಮಾತು ಬಹಳವಿತ್ತು. ಆದರೆ ಎರಡು ಕೈಯೂ ಮಣ್ಣಿನಲ್ಲಿದ್ದದ್ದರಿಂದ ಎದ್ದು ಹೋಗಿ ಪಾತ್ರೆ ಬದಲಿಸಲು ಆಗುತ್ತಿರಲಿಲ್ಲ. ಉಪ್ಪು ಕಡಿಮೆಯಾದ ಮೊಟ್ಟೆಯನ್ನು ತಿಂದರು, ಏನೂ ಆಗಲಿಲ್ಲ.

ಇಟ್ಟಿಗೆ ಬೇಕಾದ್ದಕ್ಕಿಂತ ಹೆಚ್ಚಾದಾಗ ಮಾವ ಸುಮ್ಮನಿರಲಾರದೆ ಆಟದ ಊರಿನ ಸಂತೆಯ ಕೆಲಸ ವಹಿಸಿಕೊಂಡರು. ಮುಂದೆ ಬನ್ನಿ, ಒಳಗೆ ಜಾಗ ಇದೆ, ಇಟ್ಟಿಗೆ ಇಟ್ಟಿಗೆ ಎಂದು ಅವರು ಕೂಗಿದರೆ ಊರ ಚೌಕದಲ್ಲಿ ಜನ ಸೇರುತ್ತಿದ್ದರು. ಇಟ್ಟಿಗೆ ಕೊಟ್ಟು ಅವರು ಸುಣ್ಣ, ಮರಳು, ಒಲೆಯ ಬಾಗಿಲಿಗೆ ಬೇಕಾದ ಕಬ್ಬಿಣ ತಂದರು. ಕಬ್ಬಿಣದ ಬಾಗಿಲನ್ನು ಕಮ್ಮಾರ ತಾನೇ ಮಾಡಿಕೊಟ್ಟ. ಇದಕ್ಕೆ ಬದಲಾಗಿ ಏನು ಕೊಡಲಿ ಎಂದು ಅತ್ತೆ ಕೇಳಿದ್ದಕ್ಕೆ, ಯಜಮಾನರಿಗೆ ಹಲ್ಲು ತೋರಿಸಿಕೊಳ್ಳಲು ಹೇಳಿ ಸಾಕು ಎಂದ. ಮಾವ ಮರುದಿನವೇ ಹೋಗಿ ಹಲ್ಲು ಕೀಳಿಸಿಕೊಂಡು ಬಂದರು.

ಒಂದು ಭಾನುವಾರ ಅತ್ತೆ ಚಹಾ ಲೋಟ ತೊಳೆಯುತ್ತಿದ್ದವರು ತಲೆ ಎತ್ತಿದರು. ಎದುರಿಗೆ ಬೀರು ನಿಂತಿತ್ತು. ಅವರು ಮದುವೆಯಾಗಿ ಬಂದಾಗಲೂ ಅದು ಅಲ್ಲೇ ನಿಂತಿತ್ತು. ಅದನ್ನು ಅಲ್ಲಿ ಇರಿಸಿದ್ದು ಅವರ ಅತ್ತೆ. ಅದರ ಹಿಂದೇನಿದೆ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮಗನನ್ನೂ ಗಂಡನನ್ನೂ ಕರೆದು ಬೀರು ಹಜಾರಕ್ಕೆ ಸಾಗಿಸಿ ಎಂದರು. ಲಿಫ್ಟಿನ ಭಾರ ಎತ್ತಿ ಅಭ್ಯಾಸವಿದ್ದ ಮಗನಿಗೂ ಬೆವರು ಕಿತ್ತುಬಂತು. ಬೀರು ಸರಿದಾಗ ಹಿಂದೆ ಜೇಡರ ಬಲೆ, ಎಂದೋ ಕಳೆದ ಒಂದು ಸೌಟು, ಅದರಾಚೆ ಬಣ್ಣ ಮೆತ್ತಿ ಅಂಟಿಹೋಗಿದ್ದ ಒಂದು ಕಿಟಕಿ.

“ಇಲ್ಲಿ ಕಿಟಕಿ ಇತ್ತಾ?” ಎಂದರು ಮಾವ. ಅವರು ಹುಟ್ಟಿದ್ದೇ ಆ ಮನೆಯಲ್ಲಿ.

ಮಗ ಉಳಿ ಹಾಕಿ ಮೀಟಿದ. ಕಿಟಕಿ ತೆರೆಯಿತು. ಎದುರಿನ ಲಾಂಡ್ರಿಯ ಮಾಳಿಗೆಯಲ್ಲಿ ಬಿಳಿ ಹೊದಿಕೆಗಳು ಹಾರಾಡುತ್ತಿದ್ದವು. ಕೆಳಗೆ ಟೈರ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತ ಮೇಲೆ ನೋಡಿ ಕೈ ಬೀಸಿದ. ಬೀರು ಹೋದ ಮೇಲೆ ಅಲ್ಲಿ ಇಬ್ಬರು ನಿಲ್ಲುವಷ್ಟು ಜಾಗವೂ ಆಯಿತು.

ಸೊಸೆ ಮರಳಿದ್ದು ಒಂದು ಮಧ್ಯಾಹ್ನ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು, ಭುಜದ ಮೇಲೆ ಹಾಲಿನ ಕಲೆ. ನೀರು ಕುಡಿಯಲು ಅಡುಗೆಮನೆಗೆ ಹೋದವಳು ಅಲ್ಲೇ ನಿಂತಳು. ಎಷ್ಟು ಹೊತ್ತಾದರೂ ಬರಲಿಲ್ಲ. ಅತ್ತೆ ಒಳಗೆ ಹೋಗಿ ಪಕ್ಕದಲ್ಲಿ ನಿಂತರು.

“ಬಿಸಿಲು ಸ್ವಲ್ಪ ಜಾಸ್ತಿ ಆಯ್ತು. ಒಂದು ಪರದೆ ಹೊಲೀಬೇಕು,” ಎಂದರು.

“ಬೇಡ ಅತ್ತೆ, ಹೀಗೇ ಇರಲಿ,” ಎಂದಳು ಸೊಸೆ.

ಆಮೇಲೆ ಅತ್ತೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಆಟದ ಮನೆಯಲ್ಲಿ ಕಿಟಕಿಯ ಎದುರಿಗೆ, ಮೊದಲಿದ್ದ ಜಾಗದಲ್ಲೇ, ಹೊಸ ಒಲೆ ನಿಂತಿತ್ತು. ಹಳೆಯದರಷ್ಟು ದೊಡ್ಡದಲ್ಲ. ಒಂದು ಮಗ್ಗುಲು ಕೊಂಚ ಸೊಟ್ಟ. ಇನ್ನೂ ಪಳಗಿಲ್ಲ, ಅದನ್ನು ನೀನೇ ಪಳಗಿಸಬೇಕು, ನಾನು ಒಂದು ಸಲವೂ ಹೊತ್ತಿಸಿಲ್ಲ ಎಂದು ಅತ್ತೆ ವರದಿ ಒಪ್ಪಿಸಿದರು. ಸೊಸೆ ಒಲೆಯ ಸುತ್ತ ಒಂದು ಸುತ್ತು ಬಂದಳು.

“ಯಾರ ಹತ್ರ ಕಟ್ಟಿಸಿದ್ರಿ?”

“ಯಾರ ಹತ್ರಾನೂ ಇಲ್ಲ. ಮಣ್ಣು ಹೊತ್ತೆ.”

ಗಾರೆ ಕಸುಬಿನಲ್ಲಿ ಅಷ್ಟು ಮುಂದೆ ಹೋಗಲು ಎಷ್ಟು ಬುಟ್ಟಿ ಮಣ್ಣು ಬೇಕೆಂದು ಸೊಸೆಗೆ ಗೊತ್ತಿತ್ತು. ಅವಳು ಅತ್ತೆಯ ಮುಖ ನೋಡಿದಳು. ಕಣ್ಣು ತುಂಬಿತ್ತು, ನಿದ್ದೆ ಕೆಟ್ಟದ್ದೂ ಒಂದು ಕಾರಣವಿರಬೇಕು. ಹಿಟ್ಟು ಕಲಸಿ ಮೊದಲ ರೊಟ್ಟಿ ಸುಟ್ಟಳು. ಅದು ಸೀದು ಕಪ್ಪಾಯಿತು. ಮಾವ ಅದನ್ನೇ ಸಂತೆಗೆ ಒಯ್ದು ಯಾರಿಗೋ ಕೊಟ್ಟು ಬಂದರು.

ಮರುದಿನದಿಂದ ಅಡುಗೆಮನೆಯಲ್ಲಿ ಇಬ್ಬರು ನಿಲ್ಲತೊಡಗಿದರು. ಎಲ್ಲವೂ ಹಾಲು ಜೇನಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಸೊಸೆಯ ಬೇಳೆಗೆ ಬೆಳ್ಳುಳ್ಳಿ ಅತಿಯಾಯಿತೆಂದು ಅತ್ತೆ ಅಂದರು, ಅತಿಯಾಗಲಿ ಎಂದೇ ಹಾಕಿದ್ದು ಎಂದು ಸೊಸೆ ಅಂದಳು. ಒಂದು ಬಾಣಲೆ ಸೀದುಹೋದದ್ದಕ್ಕೆ ಒಂದು ಸಂಜೆಯೆಲ್ಲ ವಾದವಾಯಿತು. ಆದರೆ ವಾದ ಜೋರಾಗಿಯೇ ನಡೆಯಿತು, ಮುಗಿಯಿತು, ಯಾರೂ ಇರಲಿ ಬಿಡಿ ಎನ್ನಲಿಲ್ಲ.

ಒಂದು ದಿನ ಇಬ್ಬರೂ ಬಟಾಣಿ ಬಿಡಿಸುತ್ತ ಕೂತಿದ್ದಾಗ ಸೊಸೆ ತಡೆದು ತಡೆದು ಒಂದು ಮಾತು ಮುಂದಿಟ್ಟಳು. ವಾರದಲ್ಲಿ ಒಂದೆರಡು ದಿನ ಅಡುಗೆ ತನಗೇ ಬಿಟ್ಟರೆ ಹೇಗೆ, ಅತ್ತೆಗೆ ಬೇಸರವಾಗದಿದ್ದರೆ ಮಾತ್ರ.

ಅತ್ತೆ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದರು.

“ಒಂದೆರಡು ದಿನ ಯಾಕೆ? ಬೇಕಾದಷ್ಟು ದಿನ ಮಾಡು. ನಿಜ ಹೇಳ್ಬೇಕು ಅಂದ್ರೆ ನನಗೆ ಅಡುಗೆ ಅಂದ್ರೆ ಅಷ್ಟೇನೂ ಪ್ರೀತಿ ಇಲ್ಲ.”

ಸೊಸೆಯ ಕೈಯಿಂದ ಕಾಳು ನೆಲಕ್ಕೆ ಚೆಲ್ಲಿದವು. “ಮತ್ತೆ ಇಷ್ಟು ದಿನ ಯಾರನ್ನೂ ಒಳಗೆ ಬಿಡಲಿಲ್ಲವಲ್ಲ ನೀವು.”

“ಕಾರ್ಖಾನೆ ಬಿಟ್ಟ ಮೇಲೆ ನನ್ನದು ಅಂತ ಇದ್ದದ್ದು ಇದೊಂದೇ. ಇದನ್ನೂ ನಿನಗೆ ಕೊಟ್ಟುಬಿಟ್ರೆ ನಾನೇನು ಮಾಡ್ಲಿ ಅಂತ.” ಅತ್ತೆ ಬಗ್ಗಿ ಕಾಳು ಆಯತೊಡಗಿದರು. “ಈಗ ಪರವಾಗಿಲ್ಲ. ಕೈಗೆ ಬೇರೆ ಕೆಲಸ ಸಿಕ್ಕಿದೆ.”

ಸೊಸೆ ಇಲ್ಲಿ ಅಡುಗೆ ಮಾಡುವ ದಿನಗಳಲ್ಲಿ ಆಟದ ಮನೆಯ ಸೂರು ಗೋಡೆ ಅತ್ತೆಯ ಪಾಲಿಗೆ ಬಂದವು. ಕ್ರಮೇಣ ಊರಿನ ಬೇರೆಯವರೂ ಕರೆಯತೊಡಗಿದರು. ದರ್ಜಿಯ ಮನೆಗೆ ಮೆಟ್ಟಿಲು, ಬಡಗಿಯ ಅಂಗಳಕ್ಕೆ ಬಾವಿಕಟ್ಟೆ, ಕಮ್ಮಾರನ ಕುಲುಮೆಗೆ ಹೊಸ ಚಿಮಣಿ. ಗಾರೆ ಕೆಲಸಕ್ಕೆ ಬೇರೆ ಯಾರೂ ಇಲ್ಲದಿದ್ದರಿಂದ ಅಜ್ಜಿಗೆ ಕೈತುಂಬ ಕೆಲಸ. ಕೊನೆಗೆ ಒಂದು ದಿನ ಊರಿನವರು ಅವರಿಗೂ ನಿವೇಶನ ಮಂಜೂರು ಮಾಡಿದರು, ಬೇಕಾದ ಜಾಗ ಆರಿಸಿಕೊಳ್ಳಿ ಎಂದರು.

ಸೊಸೆಗೆ ಅತ್ತೆಗಿಂತ ಹೆಚ್ಚು ಸಂಭ್ರಮ. ತನ್ನ ಮನೆಯ ಇನ್ನೊಂದು ಪಕ್ಕದ ಜಾಗ ಖಾಲಿಯಿದೆ, ನಡುವೆ ಒಂದು ಗೋಡೆ ಅಷ್ಟೇ, ಬೇಕಾದರೆ ಒಂದು ಬಾಗಿಲೂ ಇಡಬಹುದು ಎಂದಳು. ಅತ್ತೆ ನಕ್ಷೆಯನ್ನು ಕನ್ನಡಕದೊಳಗಿಂದ ಬಹಳ ಹೊತ್ತು ನೋಡಿದರು.

“ಪಕ್ಕದಲ್ಲೇ ಬೇಡಮ್ಮ,” ಎಂದರು. “ಎರಡು ಮನೆ ಆಚೆ ಇರಲಿ. ಹೋಗಿ ಬರೋಕೂ ಹತ್ತಿರ, ಜಗಳ ಆಡಿದ್ರೆ ಕೇಳಿಸೋದೂ ಇಲ್ಲ.”

ಸೊಸೆ ಅತ್ತೆಯನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು.

ಅತ್ತೆ ಹೊಳೆಗೆ ಹತ್ತಿರದ ಒಂದು ಮೂಲೆ ಹಿಡಿದರು. ಒಂದೇ ಅಂತಸ್ತು, ಎರಡು ಕೋಣೆ, ಮುಂದೆ ಕಲ್ಲಿನ ಜಗಲಿ. ಅಡುಗೆಮನೆ ಎಲ್ಲಿ ಎಂದು ಮಾವ ಕೇಳಿದರು. ಅಡುಗೆಮನೆ ಇಡುವುದಿಲ್ಲ, ಹಸಿವಾದರೆ ಸೊಸೆಯ ಮನೆಯಿಂದ ರೊಟ್ಟಿ ತರಿಸುತ್ತೇನೆ ಎಂದು ಅತ್ತೆ ಹೇಳಿದರು.

ಆ ಭಾನುವಾರ ಸೊಸೆ ಅನ್ನ, ಬೇಳೆ, ಹುರಿದ ಬದನೆಕಾಯಿ ಮಾಡಿ ಮೇಜಿಗಿಟ್ಟಳು. ಮಗ ತಟ್ಟೆ ಹಾಕಿದ. ಮಾವ ಕಿತ್ತ ಹಲ್ಲಿನ ಜಾಗವನ್ನು ನಾಲಿಗೆಯಿಂದ ತಡವುತ್ತ ಬಂದು ಕೂತರು. ಅತ್ತೆಯ ಕುರ್ಚಿ ಖಾಲಿಯಿತ್ತು. ಸೊಸೆ ಒಂದು ಸಲ ಕರೆದಳು, ಮಗ ಒಂದು ಸಲ ಕರೆದ. ಒಳಗಿನ ಕೋಣೆಯಿಂದ ದನಿ ಬಂತು.

“ಒಂದು ಸಾಲು ಇಟ್ಟಿಗೆ ಬಾಕಿ ಇದೆ. ಇಟ್ಟು ಬಂದೆ.”

ಮಾವ ಎಲ್ಲರಿಗೂ ನೀರು ಬಗ್ಗಿಸಿದರು. ಬಿಸಿ ಇರುವಾಗಲೇ ಬಂದು ತಿನ್ನಿ ಎಂದು ಈ ಹೆಂಗಸು ನನ್ನನ್ನು ಜನ್ಮವೆಲ್ಲ ಗದರಿಸಿದ್ದಾಳೆ ಎಂದು ಮಗನಿಗೆ ಹೇಳಿದರು. ಆಮೇಲೆ ಬಾಗಿಲ ಕಡೆ ತಿರುಗಿ ದನಿ ಏರಿಸಿದರು.

“ಆರಿಹೋಗ್ತಾ ಇದೆ ಕಣೇ.”

“ಆರಲಿ,” ಎಂದರು ಅತ್ತೆ ಒಳಗಿನಿಂದ. “ಮಾಡಿದವಳು ಬಿಸಿ ಮಾಡಿ ಕೊಡ್ತಾಳೆ.”

ಸೊಸೆ ಅತ್ತೆಯ ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟು ತಾನು ಊಟಕ್ಕೆ ಕೂತಳು.